ಸೂರಿನಡಿಯ ನೆಲುವಿನಲ್ಲಿ ಸೊಪ್ಪಿನ ಬೆಳೆ

(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನಮ್ಮ ಹಳೆಯ ಮನೆಗಳ ಅಡಿಗೆ ಕೋಣೆಯಲ್ಲಿ ನೆಲುವು ಇರುತ್ತಿತ್ತು. ಹಾಲು, ಮೊಸರು, ಬೆಣ್ಣೆಯ ಗಡಿಗೆಗಳನ್ನು ಬೆಕ್ಕಿಗೆ, ಇಲಿಗೆ, ಇರುವೆಗೆ ಸಿಕ್ಕದಂತೆ ಹಗ್ಗದ ನೆಲುವಿನಲ್ಲಿಟ್ಟು ತೊಲೆಗೆ ತೂಗುಹಾಕುತ್ತಿದ್ದರು. ಈಗ ನೆಲುವು ಕಾಣುವುದು ಅಪರೂಪ. ಆದರೆ ಅದನ್ನು ಕಟ್ಟುವ ವಿದ್ಯೆ ಇನ್ನೂ ಹಿರಿಯರಲ್ಲಿ ಉಳಿದಿದೆ. ಅದೇ ನೆಲುವಿನಲ್ಲಿ, ಮನೆಯಲ್ಲಿ ಬಿಸಾಡುವ ಎಣ್ಣೆ ಕ್ಯಾನು, ಡಬ್ಬಗಳನ್ನು ತೂಗುಹಾಕಿ ಸೊಪ್ಪು ಬೆಳೆಯುವುದು ಹೇಗೆ ಎಂಬುದನ್ನು ಈ ದಿವಸ ತಿಳಿಸಬಯಸುತ್ತೇನೆ.

ಹೊಲ ಇರುವ ರೈತರಿಗೆ ಈ ಡಬ್ಬದ ಕೃಷಿ ಏಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯಾಗಿಯೇ ಇದೆ. ಹಿತ್ತಲಿದ್ದು, ಬೇಲಿಯಿದ್ದು, ನೀರಿದ್ದವರು ನೆಲದಲ್ಲಿಯೇ ಕೈತೋಟ ಮಾಡಬೇಕು. ನೆಲದಲ್ಲಿ ಬರುವಷ್ಟು ಬೆಳೆ ಡಬ್ಬದಲ್ಲಿ ಬರಲಾರದು. ಆದರೆ ಊರೊಳಗೆ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ, ಜನತಾ ಮನೆಗಳಲ್ಲಿ ಹಿತ್ತಲು ಎಲ್ಲಿದೆ? ಹಿತ್ತಲಿದ್ದರೂ ಕೋಳಿ ಕೆದಕುತ್ತದೆ, ಆಡು ಮೇಯುತ್ತದೆ. ಹೊಲ ಎರಡು ಮೈಲಿ ದೂರದಲ್ಲಿದ್ದರೆ ಸಾರಿಗೆ ಬೇಕಾದ ನಾಲ್ಕು ಎಳೆ ಕೊತ್ತಂಬರಿಗಾಗಿ ಯಾರೂ ಅಲ್ಲಿಗೆ ಓಡುವುದಿಲ್ಲ. ಬೇಸಿಗೆಯಲ್ಲಿ ಸೊಪ್ಪಿನ ಬೆಲೆ ಏರಿದಾಗ ಕೊಳ್ಳುವುದನ್ನೇ ನಿಲ್ಲಿಸಿಬಿಡುತ್ತೇವೆ.

ಇದರ ಪರಿಣಾಮ ತಟ್ಟುವುದು ಮನೆಯ ಹೆಣ್ಣುಮಕ್ಕಳಿಗೆ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಸೊಪ್ಪು ತಿಂದ ಮಾತ್ರಕ್ಕೆ ಇದು ವಾಸಿಯಾಗುತ್ತದೆಂದು ನಾನು ಹೇಳುವುದಿಲ್ಲ. ಆರೋಗ್ಯ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗಲೇಬೇಕು. ಆದರೆ ದಿನದ ಊಟದಲ್ಲಿ ಸೊಪ್ಪು, ಕಾಳು, ಹುಳಿ ಹಣ್ಣು ಇರಬೇಕಾದದ್ದು ಅದರಷ್ಟೇ ಮುಖ್ಯ. "ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯುಂಟು. ಹಿತ್ತಲೇ ಇಲ್ಲದವರಿಗೆ ಸೂರಿನ ಗಿಡವಾದರೂ ಇರಲಿ ಎಂಬುದು ನನ್ನ ಮಾತಿನ ಉದ್ದೇಶ.

ಯಾವ ಡಬ್ಬ ಬೇಕು, ಯಾವುದು ಬೇಡ

ಮೊದಲು ಬೇಡದ್ದನ್ನು ಹೇಳುತ್ತೇನೆ. ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬಾರದು. ಕೀಟನಾಶಕ, ರೋಗನಾಶಕ, ಕಳೆನಾಶಕಗಳ ಕ್ಯಾನು, ಬಾಟಲಿ, ಡಬ್ಬಗಳನ್ನು ಈ ಕೆಲಸಕ್ಕೆ ಎಂದೆಂದಿಗೂ ಬಳಸಬಾರದು.

ರೈತರ ಮನೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ, ಹಿಡಿಕೆಯಿರುವ, ನೋಡಲು ಚೆನ್ನಾದ ಡಬ್ಬವೆಂದರೆ ಔಷಧದ ಡಬ್ಬವೇ. ಆದ್ದರಿಂದ ಕಣ್ಣು ಮೊದಲು ಅದರ ಮೇಲೆ ಬೀಳುತ್ತದೆ. ಮೂರು ಸಲವಲ್ಲ, ಹತ್ತು ಸಲ ತೊಳೆದರೂ ಆ ಡಬ್ಬ ತಿನ್ನುವ ಬೆಳೆಗೆ ಯೋಗ್ಯವಾಗುವುದಿಲ್ಲ. ಇನ್ನೊಂದು ಅಪಾಯವೂ ಉಂಟು. ವಿಷದ ಡಬ್ಬ ಒಮ್ಮೆ ಅಡಿಗೆ ಮನೆಯ ಬಾಗಿಲಿಗೆ ಬಂದು ನೇತಾಡಿದರೆ, ಅದರ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನದ ಗುರುತಿಗೆ ಮಕ್ಕಳು ಹೆದರುವುದಿಲ್ಲ. ನಾಳೆ ಅಂಥದೇ ಡಬ್ಬ ಹೊಲದಲ್ಲಿ ಸಿಕ್ಕರೆ ಅದರಲ್ಲಿ ನೀರು ತುಂಬಿಕೊಂಡು ಕುಡಿಯುತ್ತಾರೆ.

1971ರ ಕೀಟನಾಶಕಗಳ ನಿಯಮಗಳಲ್ಲಿಯೂ ಖಾಲಿ ಡಬ್ಬ ಮರುಬಳಕೆಗೆ ಸಿಗದಂತೆ ನೋಡಿಕೊಳ್ಳಬೇಕೆಂದೂ, ಅದನ್ನು ಒಡೆದು ಜನವಸತಿಯಿಂದ ದೂರದಲ್ಲಿ ಹೂಳಬೇಕೆಂದೂ ಹೇಳಿದೆ. ಔಷಧ ಮುಗಿದ ಕೂಡಲೇ ಡಬ್ಬವನ್ನು ಮೂರು ಸಲ ನೀರಿನಿಂದ ಕುಲುಕಿ, ಆ ನೀರನ್ನು ಸಿಂಪರಣಾ ಯಂತ್ರದ ಟ್ಯಾಂಕಿಗೇ ಸುರಿಯಿರಿ. ನಂತರ ಡಬ್ಬಕ್ಕೆ ತೂತು ಹೊಡೆದು ಯಾರೂ ಬಳಸದಂತೆ ಮಾಡಿ. ಬಾವಿ, ಕೆರೆ, ಹಳ್ಳಗಳ ಹತ್ತಿರ ಹೂಳಬಾರದು.

ಬಣ್ಣದ ಡಬ್ಬ, ಇಂಜಿನ್ ಆಯಿಲ್ ಕ್ಯಾನು, ಬ್ಯಾಟರಿಯ ಪೆಟ್ಟಿಗೆ, ಆಸಿಡ್ ಮತ್ತು ಫಿನಾಯಿಲ್ ಕ್ಯಾನುಗಳೂ ಸೊಪ್ಪಿಗೆ ಬೇಡ.

ಇನ್ನು ಬೇಕಾದದ್ದು. ಅಡಿಗೆ ಎಣ್ಣೆಯ 5 ಲೀಟರಿನ ಪ್ಲಾಸ್ಟಿಕ್ ಕ್ಯಾನು ಎಲ್ಲಕ್ಕಿಂತ ಅನುಕೂಲ. ಮನೆಯಲ್ಲಿ ಇಲ್ಲದಿದ್ದರೆ ಊರಿನ ಹೋಟೆಲಿನಲ್ಲಿ, ಗುಜರಿ ಅಂಗಡಿಯಲ್ಲಿ ಸಿಗುತ್ತದೆ. ಕುಡಿಯುವ ನೀರಿನ ದೊಡ್ಡ ಬಾಟಲಿ, ತಳ ಸೀಳಿದ ಪ್ಲಾಸ್ಟಿಕ್ ಕೊಡ, ಹಳೆಯ ಬಿದಿರು ಬುಟ್ಟಿ, ತೆಂಗಿನ ಕರಟ ಇವೂ ಆಗುತ್ತವೆ. ಬುಟ್ಟಿಯ ಒಳಗೆ ಗೋಣಿತಾಟು ಹಾಸಬೇಕು. ಕರಟ ಸಣ್ಣದಾದ್ದರಿಂದ ಸಸಿ ಮಾಡಿಕೊಳ್ಳಲು ಮಾತ್ರ ಸರಿ. 15 ಕಿಲೋ ಎಣ್ಣೆಯ ತಗಡಿನ ಡಬ್ಬವನ್ನು ತೂಗುಹಾಕಬೇಡಿ. ಮಣ್ಣು, ನೀರು ತುಂಬಿದಾಗ ಅದು 20 ಕಿಲೋಗೂ ಹೆಚ್ಚು ತೂಗುತ್ತದೆ. ಅದು ನೆಲದ ಮೇಲೆಯೇ ಇರಲಿ.

ಕ್ಯಾನನ್ನು ಮಲಗಿಸಿ ಕತ್ತರಿಸಿ

ಸಾಮಾನ್ಯವಾಗಿ ಜನ ಕ್ಯಾನಿನ ಕುತ್ತಿಗೆ ಕತ್ತರಿಸಿ, ನಿಲ್ಲಿಸಿ, ಮಣ್ಣು ತುಂಬುತ್ತಾರೆ. ಆಗ ಬಿತ್ತಲು ಸಿಗುವ ಜಾಗ ಅಂಗೈಯಷ್ಟು ಮಾತ್ರ. ಸೊಪ್ಪಿನ ಬೆಳೆಗಳಿಗೆ ಮಣ್ಣಿನ ಆಳ ಒಂದು ಗೇಣಿಗಿಂತ ಕಡಿಮೆಯಿದ್ದರೂ ಸಾಕು. ಅವಕ್ಕೆ ಬೇಕಾದದ್ದು ಅಗಲ. ಆದ್ದರಿಂದ ಕ್ಯಾನನ್ನು ಅದರ ಅಗಲವಾದ ಮಗ್ಗುಲಿಗೆ ಮಲಗಿಸಿ, ಮೇಲೆ ಬಂದ ಮಗ್ಗುಲನ್ನು ಅಂಚಿನಿಂದ ಎರಡು ಬೆರಳು ಬಿಟ್ಟು ಕಿಟಕಿಯಂತೆ ಕತ್ತರಿಸಿ ತೆಗೆಯಿರಿ. ಮುಚ್ಚಳ ಬಿಗಿಯಾಗಿರಲಿ. ಅದೇ ಮಣ್ಣು, ಅದೇ ಭಾರ. ಆದರೆ ಬಿತ್ತುವ ಜಾಗ ಸುಮಾರು ಎರಡರಷ್ಟಾಗುತ್ತದೆ.

ಕತ್ತರಿಸಿದ ಅಂಚು ಕೈ ಕೊಯ್ಯುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿದರೆ ಆ ಭಯ ಇರುವುದಿಲ್ಲ.

ತಳದಲ್ಲಿ ಪೆನ್ಸಿಲ್ ಗಾತ್ರದ ಐದಾರು ತೂತು ಮಾಡಬೇಕು. ಕಾಯಿಸಿದ ಮೊಳೆಯಿಂದ ಸುಲಭವಾಗಿ ಆಗುತ್ತದೆ. ಪ್ಲಾಸ್ಟಿಕ್ಕಿನ ಹೊಗೆ ಕುಡಿಯಬಾರದು. ಈ ಕೆಲಸವನ್ನು ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ದೊಡ್ಡವರೇ ಮಾಡಬೇಕು. ತೂತಿನ ಮೇಲೆ ತೆಂಗಿನ ನಾರಿನ ತೆಳುವಾದ ಪದರ ಹಾಸಿದರೆ ನೀರು ಇಳಿಯುತ್ತದೆ, ಮಣ್ಣು ಉಳಿಯುತ್ತದೆ. ಜಲ್ಲಿ ಕಲ್ಲು ಹಾಕುವ ಪದ್ಧತಿ ಕೆಲವರಲ್ಲಿದೆ. ಅದರಿಂದ ಭಾರ ಹೆಚ್ಚುವುದೇ ಹೊರತು ಲಾಭವಿಲ್ಲ.

ಪಾರದರ್ಶಕ ಕ್ಯಾನಿನಲ್ಲಿ ಬೇರಿಗೆ ಬಿಸಿಲು ತಾಗಿ ಒಳಗೆ ಪಾಚಿ ಕಟ್ಟುತ್ತದೆ. ಹೊರಗಿನಿಂದ ಗೋಣಿ ಬಟ್ಟೆ ಸುತ್ತಿ ಹೊಲಿದರೆ ಬೇರೂ ತಂಪಾಗಿರುತ್ತದೆ, ಕ್ಯಾನೂ ಬಿಸಿಲಿಗೆ ಬೇಗ ಸೀಳುವುದಿಲ್ಲ.

ಹಗುರವಾದ ಮಣ್ಣು

ಹೊಲದ ಮಣ್ಣನ್ನೇ ತುಂಬಿದರೆ ಎರಡು ತೊಂದರೆಗಳುಂಟು. ಒಂದು ಭಾರ, ಇನ್ನೊಂದು ನೀರು ಹಾಕಿದಂತೆಲ್ಲ ಮಣ್ಣು ಗಟ್ಟಿಯಾಗುವುದು. ಎರೆ ಮಣ್ಣಂತೂ ಒಣಗಿದಾಗ ಬಿರಿಯುತ್ತದೆ, ನೆನೆದಾಗ ಉಸಿರು ಕಟ್ಟುತ್ತದೆ. ಕೆಂಪು ಮಣ್ಣು ಒಂದು ಬುಟ್ಟಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಬುಟ್ಟಿ, ತೆಂಗಿನ ನಾರಿನ ಪುಡಿ ಒಂದು ಬುಟ್ಟಿ - ಈ ಮೂರನ್ನು ಬೆರೆಸಿ, ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿಸಿ. ನಾರಿನ ಪುಡಿಯನ್ನು ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ, ಒಗರು ಮತ್ತು ಉಪ್ಪಿನಂಶ ತೆಗೆದ ಮೇಲೆ ಬಳಸಬೇಕು. ಅದು ಸಿಕ್ಕದ ಕಡೆ ಅರೆ ಸುಟ್ಟ ಭತ್ತದ ಹೊಟ್ಟು ಆದೀತು. ಹಸಿ ಸಗಣಿ ಬೇಡ. ಅದರ ಕಾವಿಗೆ ಬೇರು ಬಾಡುತ್ತದೆ, ಗೊಣ್ಣೆಹುಳುವೂ ಬರುತ್ತದೆ.

ಮಲಗಿಸಿದ ಕ್ಯಾನಿಗೆ ನಾಲ್ಕರಿಂದ ನಾಲ್ಕೂವರೆ ಲೀಟರಿನಷ್ಟು ಮಿಶ್ರಣ ಹಿಡಿಯುತ್ತದೆ. ನೀರು ಕುಡಿದ ಮೇಲೆ ಅದು ಸುಮಾರು 5 ಕಿಲೋ ತೂಗುತ್ತದೆ. ಬರೀ ಕೆಂಪು ಮಣ್ಣಾಗಿದ್ದರೆ ಸುಮಾರು 8 ಕಿಲೋ ಆಗುತ್ತಿತ್ತು. ಈ 3 ಕಿಲೋ ವ್ಯತ್ಯಾಸವನ್ನು ಹೊರಬೇಕಾದದ್ದು ನಿಮ್ಮ ಹಗ್ಗ, ನಿಮ್ಮ ಜಂತೆ. ಮೇಲಿನ ಅಂಚಿನಿಂದ ಎರಡು ಬೆರಳು ಬಿಟ್ಟು ಮಣ್ಣು ತುಂಬಿ, ಇಲ್ಲದಿದ್ದರೆ ಹಾಕಿದ ನೀರು ಮಣ್ಣಿನೊಂದಿಗೆ ಹೊರಗೆ ಚೆಲ್ಲುತ್ತದೆ.

ನೆಲುವು ಕಟ್ಟುವ ಬಗೆ

ಕ್ಯಾನಿಗೆ ತೂತು ಮಾಡಿ ತಂತಿ ಸಿಕ್ಕಿಸಿ ತೂಗುಹಾಕಿದರೆ ಕೆಲವೇ ತಿಂಗಳಲ್ಲಿ ಪ್ಲಾಸ್ಟಿಕ್ ಹರಿದು ಕ್ಯಾನು ಕೆಳಗೆ ಬೀಳುತ್ತದೆ. ಭಾರವನ್ನು ಹಗ್ಗ ಹೊರಬೇಕು, ಕ್ಯಾನು ಹೊರಬಾರದು. ನಮ್ಮ ಹಿರಿಯರ ನೆಲುವಿನ ಗುಟ್ಟು ಇದೇ.

ಎರಡೂವರೆ ಮೀಟರ್ ಉದ್ದದ ಎರಡು ನೈಲಾನ್ ಹಗ್ಗ ತೆಗೆದುಕೊಳ್ಳಿ. ನೆಲದ ಮೇಲೆ ಒಂದು ಗೇಣು ಅಂತರದಲ್ಲಿ ಸಮನಾಗಿ ಹಾಸಿ. ಅವುಗಳ ಮೇಲೆ ಕ್ಯಾನನ್ನು ಅಡ್ಡಲಾಗಿ ಮಲಗಿಸಿ, ನಾಲ್ಕು ತುದಿಗಳನ್ನೂ ಮೇಲೆತ್ತಿ. ಹಗ್ಗ ಆಚೀಚೆ ಜಾರದಂತೆ ಕ್ಯಾನಿನ ಸುತ್ತ ಇನ್ನೊಂದು ಹಗ್ಗವನ್ನು ನಡುವಿನಂತೆ ಸುತ್ತಿ, ನಾಲ್ಕು ಕಡೆಯೂ ಗಂಟು ಹಾಕಿ. ಮೇಲೆ ನಾಲ್ಕು ತುದಿಗಳನ್ನು ಸೇರಿಸಿ ಒಂದೇ ಗಂಟು ಹಾಕಿದರೆ ನೆಲುವು ಸಿದ್ಧವಾಯಿತು. ತೆಂಗಿನ ಹಗ್ಗ ನೋಡಲು ಚೆಂದ. ಆದರೆ ದಿನವೂ ನೆನೆಯುವುದರಿಂದ ಬೇಗ ಲಡ್ಡಾಗುತ್ತದೆ. ನೈಲಾನ್ ಹಗ್ಗವೂ ಬಿಸಿಲಿಗೆ ಸವೆಯುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ನೋಡಿ ಬದಲಾಯಿಸಬೇಕು.

ತೂಗುಹಾಕುವ ಕೊಕ್ಕೆಯನ್ನು ತೊಲೆಗೆ ಅಥವಾ ಜಂತೆಗೆ ಹಾಕಬೇಕು. ಹೆಂಚಿನ ಕೆಳಗಿನ ರೀಪರಿಗೆ, ಶೀಟಿಗೆ ಹಾಕಕೂಡದು. ತಾರಸಿ ಮನೆಯಾದರೆ ಎರಡು ಕಂಬ ನೆಟ್ಟು ಬಿದಿರಿನ ಗಳ ಕಟ್ಟಿಕೊಳ್ಳಬಹುದು. ಗಿಡ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಅದೇ ನೆಲುವಿನಲ್ಲಿ ಮೂರು ಇಟ್ಟಿಗೆ ಇಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗಂಟು ಜಾರಿರದಿದ್ದರೆ, ಕೊಕ್ಕೆ ಬಾಗಿರದಿದ್ದರೆ ಅದು ಕ್ಯಾನಿನ ಭಾರವನ್ನು ತಡೆಯುತ್ತದೆ. ಮಕ್ಕಳು ಮಲಗುವ, ಆಡುವ ಜಾಗದ ಮೇಲೆ ಮಾತ್ರ ಯಾವ ಕಾರಣಕ್ಕೂ ತೂಗುಹಾಕಬೇಡಿ.

ಮನೆಯೊಡತಿಯ ಎದೆಯ ಮಟ್ಟಕ್ಕಿದ್ದರೆ ನೀರು ಹಾಕಲೂ ಸೊಪ್ಪು ಕೀಳಲೂ ಹಿತ. ಆಡು ಇರುವ ಮನೆಯಲ್ಲಿ ಇನ್ನೊಂದು ಗೇಣು ಮೇಲಿರಲಿ. ಬೆಳಗಿನ ನಾಲ್ಕೈದು ತಾಸು ಬಿಸಿಲು ಬೀಳುವ ಪೂರ್ವದ ಸೂರು ಉತ್ತಮ. ಮಲೆನಾಡಿನಲ್ಲಿ ಸೂರಿನ ನೀರು ನೇರವಾಗಿ ಕ್ಯಾನಿಗೆ ಬೀಳದಂತೆ ಮಳೆಗಾಲದಲ್ಲಿ ಒಳಕ್ಕೆ ಸರಿಸಬೇಕು. ಬಯಲುಸೀಮೆಯಲ್ಲಿ ಬೇಸಿಗೆಯ ಮಧ್ಯಾಹ್ನದ ಬಿಸಿಲಿನಿಂದ ಮರೆ ಮಾಡಬೇಕು.

ಒಂದು ಲೆಕ್ಕ

ಈಗ ಎಷ್ಟು ಬೆಳೆ ಬಂದೀತು ಎಂಬ ಲೆಕ್ಕ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಎಂಬ ದಂಟಿನ ತಳಿ ಹಲವು ಸಲ ಕೊಯ್ಲು ಕೊಡುತ್ತದೆ. ಹೊಲದಲ್ಲಿ 90 ದಿನಗಳಲ್ಲಿ ಹೆಕ್ಟೇರಿಗೆ 25ರಿಂದ 30 ಟನ್, ಎಂದರೆ ಚದರ ಮೀಟರಿಗೆ ಎರಡೂವರೆಯಿಂದ 3 ಕಿಲೋ. ಮಲಗಿಸಿದ 20 ಕ್ಯಾನುಗಳನ್ನು ಸೇರಿಸಿದರೆ ಸುಮಾರು ಒಂದು ಚದರ ಮೀಟರ್ ಆಗುತ್ತದೆ. ಹತ್ತು ಕ್ಯಾನು ತೂಗುಹಾಕಿ, ಹೊಲದಷ್ಟೇ ಚೆನ್ನಾಗಿ ಬೆಳೆದರೂ, ಮೂರು ತಿಂಗಳಲ್ಲಿ ಒಂದೂವರೆ ಕಿಲೋ ದಂಟಿನ ಸೊಪ್ಪು ಬಂದೀತು. ನಾಲ್ಕೈದು ಜನರ ಮನೆಗೆ ಎರಡು ಮೂರು ದಿನದ ಪಲ್ಯ, ಅಷ್ಟೆ.

ಈ ಲೆಕ್ಕ ಕೇಳಿ ನಿರಾಶೆಪಡಬೇಕಾಗಿಲ್ಲ. ಯಾವ ಬೆಳೆ ಹಾಕಬೇಕು ಎಂಬುದನ್ನು ಇದು ಹೇಳಿಕೊಡುತ್ತದೆ. ಕಂತೆಗಟ್ಟಲೆ ಬೇಕಾಗುವ ಪಲ್ಯದ ಸೊಪ್ಪನ್ನು ಹೊಲದ ಬದುವಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ ಬೆಳೆಯಿರಿ. ನೆಲುವಿನಲ್ಲಿ ಒಂದು ಹಿಡಿ ಹಾಕಿದರೂ ಊಟದ ರುಚಿ, ಸತ್ವ ಹೆಚ್ಚಿಸುವ ಸೊಪ್ಪುಗಳನ್ನೂ, ಕ್ಯಾನಿನ ಅಳತೆಯನ್ನು ಮೀರಿ ಹೊರಗೆ ಹಬ್ಬುವ ಬಳ್ಳಿಗಳನ್ನೂ ಬೆಳೆಯಿರಿ.

ಬಸಳೆ: ಮೂರು ಗಿಣ್ಣಿರುವ ಎರಡು ಕಾಂಡದ ತುಂಡು ನೆಡಿ. ಬಳ್ಳಿಯನ್ನು ನೆಲುವಿನ ಹಗ್ಗಕ್ಕೇ ಹಬ್ಬಿಸಿ ಸೂರಿನುದ್ದಕ್ಕೂ ಬಿಡಿ. ಕ್ಯಾನು ಚಿಕ್ಕದಾದರೂ ಎಲೆ ಸೂರಿನಷ್ಟು ಉದ್ದ.

ಒಂದೆಲಗ: ಬೇರು ಬಿಟ್ಟ ಗಿಣ್ಣುಗಳನ್ನು ನೆಡಿ. ತೇವ, ಅರೆ ನೆರಳು ಬೇಕು. ಕ್ಯಾನಿನಿಂದ ಕೆಳಕ್ಕೆ ಇಳಿಬೀಳುತ್ತದೆ. ಚಟ್ನಿ, ತಂಬುಳಿಗೆ ಒಂದು ಹಿಡಿ ಸಾಕು.

ದೊಡ್ಡಪತ್ರೆ: ತುಂಡು ಚುಚ್ಚಿದರೆ ಸಾಕು, ಬದುಕುತ್ತದೆ. ಕಡಿಮೆ ನೀರು ಕೇಳುತ್ತದೆ. ನೀರಿನ ಅಭಾವವಿರುವ ಊರಿನಲ್ಲಿ ಇದನ್ನೇ ಮೊದಲು ಹಾಕಿ.

ಪುದೀನ: ಸಂತೆಯಿಂದ ತಂದ ಕಂತೆಯ ಎಲೆ ಬಿಡಿಸಿಕೊಂಡು, ಉಳಿದ ಕಾಂಡವನ್ನು ನೆಡಿ.

ಮೆಂತ್ಯ: ಅಡಿಗೆ ಮನೆಯ ಕಾಳನ್ನೇ ರಾತ್ರಿ ನೆನೆಸಿ ಒತ್ತೊತ್ತಾಗಿ ಬಿತ್ತಿ. 20ರಿಂದ 25 ದಿನಕ್ಕೆ ಕೀಳಬಹುದು.

ಕೊತ್ತಂಬರಿ: ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಬೇಸಿಗೆಯಲ್ಲಿ ಬೇಗ ಹೂವಿಗೆ ಬರುತ್ತದೆ. ಹಲವು ಸಲ ಕೊಯ್ಯಲು ಅರ್ಕಾ ಇಶಾ ತಳಿ ಒಳ್ಳೆಯದು.

ಎಲ್ಲ ಕ್ಯಾನಿಗೂ ಒಂದೇ ದಿನ ಬಿತ್ತಬೇಡಿ. ವಾರಕ್ಕೆರಡರಂತೆ ಬಿತ್ತಿದರೆ ವಾರವಾರವೂ ಕೈಗೆ ಸೊಪ್ಪು ಸಿಗುತ್ತದೆ.

ನೀರು, ಗೊಬ್ಬರ, ಸೊಳ್ಳೆ

ತೂಗುಹಾಕಿದ ಮಣ್ಣು ನಾಲ್ಕು ಕಡೆಯಿಂದಲೂ ಗಾಳಿಗೆ ಒಣಗುತ್ತದೆ. ಬೇಸಿಗೆಯಲ್ಲಿ ಒಂದು ಕ್ಯಾನಿಗೆ ದಿನಕ್ಕೆ ಅರ್ಧ ಲೀಟರಿನಷ್ಟು ನೀರನ್ನು ಬೆಳಿಗ್ಗೆ, ಸಂಜೆ ಹಂಚಿ ಹಾಕಬೇಕು. ಹತ್ತು ಕ್ಯಾನಿಗೆ 5 ಲೀಟರ್. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಇದಕ್ಕೆ ಹೊಸ ನೀರು ಬೇಕಾಗದು. ಸೋಪು, ಪಾತ್ರೆ ಪುಡಿ ಬೆರೆತ ನೀರು ಮಾತ್ರ ಬೇಡ. ಎರಡು ಕ್ಯಾನುಗಳನ್ನು ಒಂದರ ಕೆಳಗೊಂದು ಕಟ್ಟಿದರೆ ಮೇಲಿನದರಿಂದ ಬಸಿದ ನೀರು ಕೆಳಗಿನದಕ್ಕೆ ಸಿಗುತ್ತದೆ. ಆಗ ಮೇಲೆ ಪುದೀನ, ಕೆಳಗೆ ತೇವ ಬಯಸುವ ಒಂದೆಲಗ ಇರಲಿ. ಭಾರವೂ 10 ಕಿಲೋ ಆಗುತ್ತದೆಂಬುದು ನೆನಪಿರಲಿ. ಇಟ್ಟಿಗೆಯ ಪರೀಕ್ಷೆಯನ್ನು ಆರು ಇಟ್ಟಿಗೆಗಳಿಂದ ಮಾಡಿ.

ಪ್ರತಿ ಕೊಯ್ಲಿನ ನಂತರ ಒಂದು ಹಿಡಿ ಎರೆಹುಳು ಗೊಬ್ಬರ ಹಾಕಿ. ಹದಿನೈದು ದಿನಕ್ಕೊಮ್ಮೆ ಒಂದು ಪಾಲು ಗಂಜಲಕ್ಕೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಬಹುದು, ಎಲೆಯ ಮೇಲಲ್ಲ. ಹುಳು ಕಂಡರೆ ಕೈಯಿಂದ ಆರಿಸಿ. ಹತ್ತು ಕ್ಯಾನಿನ ಬೆಳೆಗೆ ಹೊಲದ ಔಷಧವನ್ನು ಖಂಡಿತ ಮುಟ್ಟಬಾರದು. ಬೆಳಿಗ್ಗೆ ಕಿತ್ತು ಮಧ್ಯಾಹ್ನ ಉಣ್ಣುವ ಸೊಪ್ಪು ಇದು.

ಬಸಿದ ನೀರು ನೆಲಕ್ಕೆ ಬೀಳದಿರಲೆಂದು ಕೆಲವರು ಕ್ಯಾನಿನ ಕೆಳಗೆ ತಟ್ಟೆ ಕಟ್ಟುತ್ತಾರೆ. ಇದು ಬೇಡ. ಡೆಂಗಿ ಹರಡುವ, ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆ ಇಂಥ ಚೂರುಪಾರು ನೀರಿನಲ್ಲಿಯೇ ಮೊಟ್ಟೆಯಿಟ್ಟು, ಒಂದು ವಾರ ಹತ್ತು ದಿನಗಳಲ್ಲಿ ಬೆಳೆದು ಹಾರುತ್ತದೆ. ತೂತು ಕಟ್ಟಿಕೊಂಡಿದ್ದರೆ ಕಡ್ಡಿ ಹಾಕಿ ಬಿಡಿಸಿ. ಖಾಲಿ ಕ್ಯಾನುಗಳನ್ನು ಬೋರಲು ಹಾಕಿಡಿ.

ವಿಸ್ತರಣಾ ಕಾರ್ಯಕರ್ತರಿಗೆ ಎರಡು ಮಾತು

ಪ್ರಾತ್ಯಕ್ಷಿಕೆಗೆ ಪೇಟೆಯಿಂದ ಹೊಸ ಕುಂಡ ಕೊಂಡು ತರಬೇಡಿ. ಅದನ್ನು ನೋಡಿದ ತಾಯಂದಿರು "ಇದು ದುಡ್ಡಿದ್ದವರ ಕೆಲಸ" ಎಂದು ಹೋಗಿಬಿಡುತ್ತಾರೆ. ಅದೇ ಮನೆಯ ಕ್ಯಾನು, ಅದೇ ಮನೆಯ ಹಗ್ಗದಿಂದ, ಅವರ ಕೈಯಿಂದಲೇ ಮಾಡಿಸಿ. ಮೊದಲು ಎರಡೇ ಕ್ಯಾನು ಸಾಕು. ಊರಿನಲ್ಲಿ ನೆಲುವು ಕಟ್ಟಬಲ್ಲ ಅಜ್ಜಿ ಇದ್ದರೆ ಅವರನ್ನೇ ಗುರುವಾಗಿ ಕೂರಿಸಿ. ಒಂದು ತಿಂಗಳ ನಂತರ ತಪ್ಪದೆ ಹೋಗಿ ನೋಡಿ. ಗಿಡ ಒಣಗಿದ್ದರೆ ನೀರು ಹಾಕುವ ಹೊಣೆ ಯಾರದೆಂದು ಮನೆಯವರೊಡನೆ ಕೂತು ಗೊತ್ತುಮಾಡಿ. ಎಲ್ಲ ಕೆಲಸದ ಜೊತೆಗೆ ಇದೂ ಹೆಂಗಸಿನ ತಲೆಗೇ ಬಿದ್ದರೆ ಅದು ಬಹಳ ದಿನ ನಡೆಯುವುದಿಲ್ಲ. ಶಾಲೆಗೆ ಹೋಗುವ ಮುಂಚೆ ಮಕ್ಕಳು, ಹೊಲಕ್ಕೆ ಹೋಗುವ ಮುಂಚೆ ಗಂಡಸರು ಒಂದೊಂದು ಚೊಂಬು ನೀರು ಹಾಕಬಹುದು.

ಹೋದ ಮನೆಯಲ್ಲೆಲ್ಲ ವಿಷದ ಡಬ್ಬ ನೀರಿಗೋ, ಉಪ್ಪಿಗೋ, ಸೀಮೆಎಣ್ಣೆಗೋ ಬಳಕೆಯಾಗುತ್ತಿದೆಯೇ ಎಂದು ಒಮ್ಮೆ ಕಣ್ಣು ಹಾಯಿಸಿ. ಕಂಡರೆ ಮನೆಯವರಿಗೆ ತಿಳಿಸಿ ಹೇಳಿ, ಅವರ ಎದುರಿಗೇ ಅದಕ್ಕೆ ತೂತು ಹೊಡೆಸಿ. ಸೊಪ್ಪಿನ ಕೆಲಸಕ್ಕೆ ಹೋಗಿ ಇದೊಂದನ್ನು ಮಾಡಿ ಬಂದರೂ ನಿಮ್ಮ ಪ್ರಯಾಣ ಸಾರ್ಥಕ.

ತಾಯಂದಿರೇ, ಕಡೆಯದಾಗಿ ಊಟದ ಮಾತು. ಸೊಪ್ಪಿನ ಕಬ್ಬಿಣಾಂಶ ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲ. ಜೊತೆಗೆ ನಿಂಬೆರಸ ಹಿಂಡಿಕೊಂಡರೆ, ಹಸಿ ನೆಲ್ಲಿಕಾಯಿ ತಿಂದರೆ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಕಡಿಮೆಯಾಗುತ್ತದೆ. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಿ. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಹಾಕಿ. ಗಂಡಸರು, ಮಕ್ಕಳೆಲ್ಲ ಉಂಡ ಮೇಲೆ ತಳದಲ್ಲಿ ಉಳಿದದ್ದು ನಿಮ್ಮ ಪಾಲೆಂಬ ರೂಢಿಯನ್ನು ಈ ಸೊಪ್ಪಿನ ಮಟ್ಟಿಗಾದರೂ ಬಿಡಿ. ಯಾರ ರಕ್ತ ಕಡಿಮೆಯಿದೆಯೋ ಅವರ ತಟ್ಟೆಗೆ ಮೊದಲು ಬೀಳಲಿ.

ಈ ವಾರ ಎಣ್ಣೆ ಮುಗಿದ ಒಂದು ಕ್ಯಾನು, ಎರಡು ತುಂಡು ಹಗ್ಗ, ಒಂದು ಹಿಡಿ ಮೆಂತ್ಯದ ಕಾಳಿನಿಂದ ಪ್ರಾರಂಭಿಸಿ.